ನೀರಲ್ಲಿ ನಿಂತ ಏಳನೇ ಗಾಡಿ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಅದೇ ಕೆಲಸ. ಆಂಬುಲೆನ್ಸ್‌ಗಳ ಜಿಪಿಎಸ್ ಚುಕ್ಕಿಗಳನ್ನ, ಊರಿನ ಸಂಚಾರವನ್ನ ಕಂಪ್ಯೂಟರಲ್ಲಿ ಓಡಿಸಿ ನೋಡೋ ನಮ್ಮ ಟ್ರಾಫಿಕ್ ಮಾಡೆಲ್‌ನ ರಸ್ತೆಗಳ ಮೇಲೆ ಕೂರಿಸೋದು. ಮ್ಯಾಪ್ ಒಂದು ಹೇಳುತ್ತೆ, ಮಾಡೆಲ್ ಇನ್ನೊಂದು. ಚುಕ್ಕಿ ಒಮ್ಮೆ ಯಾರದೋ ಛಾವಣಿ ಮೇಲೆ, ಒಮ್ಮೆ ಪಾರ್ಕಿನೊಳಗೆ. ಹತ್ತಿರದ ರಸ್ತೆಗೆ ಎಳೆದು ತರಬೇಕು. ತೀರಾ ದೂರ ಹೋದದ್ದನ್ನ ಅಳಿಸಬೇಕು. ಕುರಿ ಕಾಯೋದೇ ವಾಸಿ.

ಏಳನೇ ಗಾಡಿ ಮಾತ್ರ ಸೀದಾ ಕೆರೆಯೊಳಗೆ ಹೋಗಿ ನಿಂತಿತ್ತು. ಸುತ್ತಲೂ ನೀಲಿ, ನಡುವೆ ಒಂದೇ ಚುಕ್ಕಿ. ನೋಡ್ತಾ ಕೂತೆ, ಟೀ ಆರಿಹೋಯ್ತು. ಆಮೇಲೆ ಅಳಿಸಿದೆ.

ಏಳನೇ ಗಾಡಿ ಓಡಿಸೋನು ನನ್ನ ಗಂಡ.

ಮಾರ್ಚ್ 4

ರೇಡಿಯೋ ಇವತ್ತೂ ಬಂದ್. ಗಂಡನಿಗೆ ಆ ಹೆಸರು ನಾನೇ ಇಟ್ಟಿದ್ದು, ಮದುವೆಯಾದ ಹೊಸದರಲ್ಲಿ — ಬಾಯಿ ಮುಚ್ಚಿದ್ದೇ ಕಂಡಿರಲಿಲ್ಲ. ಹೋದ ತಿಂಗಳಿಂದ ಹೂಂ, ಉಹೂಂ, ಅಷ್ಟೇ. ಶಿಫ್ಟ್ ಮುಗಿದು ಎಷ್ಟೋ ಹೊತ್ತಾದ ಮೇಲೆ ಮನೆಗೆ ಬರ್ತಾನೆ. ಎಲ್ಲಿದ್ದೆ ಅಂದ್ರೆ, ಗಾಡಿ ತೊಳೀತಿದ್ದೆ ಅಂತಾನೆ. ಮನೇಲಿ ಯಾರ ಮೇಲಾದ್ರೂ ಸಿಟ್ಟಾ ಅಂತ ಅತ್ತೆ ನೇರವಾಗೇ ಕೇಳಿದರು. ಅದಕ್ಕೂ ಉಹೂಂ.

ಭಯ ಆಗ್ತಿದೆ. ಕೈಯಿಂದ ಜಾರಿಹೋಗ್ತಿದಾನೆ. ಬೇರೆ ಯಾರಾದ್ರೂ... ಥೂ, ಬರೆಯೋಕೂ ಮನಸ್ಸಿಲ್ಲ.

ಮಾರ್ಚ್ 11

ವಾರವಿಡೀ ಚುಕ್ಕಿ ಕೆರೆಯಲ್ಲೇ. ಬಾಸ್ ಹಿಂದಿನಿಂದ ಇಣುಕಿ ನಕ್ಕರು. ಏನ್ರೀ ಇದು, ಆಂಬುಲೆನ್ಸೋ ದೋಣಿಯೋ, ಅಳಿಸಿ ಅಂದ್ರು. ಹೂಂ ಅಂದೆ. ಅಳಿಸಲಿಲ್ಲ.

ಊಟದ ಹೊತ್ತಲ್ಲಿ ಡೆಸ್ಕಿಗೆ ತಲೆ ಆನಿಸಿದ್ದೇ ಜೊಂಪು. ಗಾಡಿ ನೀರಿನ ಮೇಲೆ ತೇಲ್ತಿದೆ. ದೀಪ ತಿರುಗುತ್ತೆ, ಸದ್ದೇ ಇಲ್ಲ. ಒಳಗೆ ರೇಡಿಯೋ. ದಡದಿಂದ ಕೂಗ್ತೀನಿ, ಕೇಳಿಸೋದೇ ಇಲ್ಲ.

ನಾಳೆ ಅರ್ಧ ದಿನ ರಜೆ. ಹೋಗೇಬಿಡ್ತೀನಿ.

ಮಾರ್ಚ್ 12, ಸಂಜೆ

ಅಲ್ಲಿ ಕೆರೆಯೇ ಇಲ್ಲ. ಅಂದ್ರೆ ಇದೆ, ತುಂಬಾ ಹಿಂದಕ್ಕೆ ಸರಿದಿದೆ. ಮ್ಯಾಪ್ ಹಳೇದು. ನೀರಿದ್ದ ಕಡೆ ಗಟ್ಟಿ ಮಣ್ಣು, ಮೊಣಕಾಲುದ್ದ ಹುಲ್ಲು, ಗಾಡಿ ಹೋಗಿ ಹೋಗಿ ಬಿದ್ದ ಎರಡು ಗೆರೆ. ಗೆರೆ ಹಿಡಿದು ನಡೆದೆ. ಎಚ್ಚರವೋ ಕನಸೋ ಗೊತ್ತಾಗ್ತಿರಲಿಲ್ಲ.

ಗಾಡಿಯ ಹಿಂಬಾಗಿಲು ತೆರೆದಿತ್ತು. ಖಾಲಿ ಸ್ಟ್ರೆಚರ್ ಪಕ್ಕ ಕೂತು ರೇಡಿಯೋ ಮಾತಾಡ್ತಿದ್ದ. ಅದೇ ಹಳೇ ದನಿ!

"ಈಗ ಎಡಕ್ಕೆ ತಿರುಗಿದ್ವಿ ಅಮ್ಮಾ. ಇನ್ನೊಂದೇ ಸಿಗ್ನಲ್. ಕಣ್ಣು ಮುಚ್ಚಬೇಡಿ..."

ನನ್ನ ನೋಡಿ ಬೆಚ್ಚಲಿಲ್ಲ. ಸರಿದು ಜಾಗ ಕೊಟ್ಟ. ಎಲ್ಲಾ ಹೇಳಿದ. ಹೋದ ತಿಂಗಳು ಗಾಡೀಲಿ ಒಬ್ಬರು ಟೀಚರಮ್ಮ. ಎಚ್ಚರ ತಪ್ಪಬಾರದು ಅಂತ ಸೀಟಿನ ಹಿಂದಿನ ಕಿಟಕಿಯಿಂದ ಹೀಗೇ ಮಾತಾಡಿಸ್ತಾ ಬಂದಿದ್ದನಂತೆ. ನಾಲ್ಕು ರಸ್ತೆ ಸೇರೋ ಕಡೆ ಮುಂದಿನ ಗಾಡಿಗಳು ಒಂದಿಂಚೂ ಅಲ್ಲಾಡಲಿಲ್ಲ. ಟೀಚರಮ್ಮ ಅಲ್ಲೇ ಹೋಗಿಬಿಟ್ಟರು. ಇವನ ಮಾತೂ ಅಲ್ಲೇ ನಿಂತುಬಿಡ್ತು. ದಿನಾ ಇಲ್ಲಿ ಬಂದು ಉಳಿದ ದಾರಿ ಹೇಳಿ ಮುಗಿಸೋಕೆ ನೋಡ್ತಾನೆ. ಆ ಸಿಗ್ನಲ್ ದಾಟೋಕೇ ಆಗಲ್ಲ.

"ನಾನಿಲ್ಲಿರೋದು ನಿಂಗೆ ಹೇಗೆ ಗೊತ್ತಾಯ್ತು?"

"ಮ್ಯಾಪಲ್ಲಿ ನೀರೊಳಗೆ ನಿಂತಿದ್ಯಲ್ಲೋ."

ನಕ್ಕ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ನಾನೂ. ಏನೇನೋ ಅಂದ್ಕೊಂಡಿದ್ನಲ್ಲ, ನಾಚಿಕೆಯಾಯ್ತು.

ಮಾರ್ಚ್ 23, ಭಾನುವಾರ

ಬಾಸ್ ಕಾಲು ಹಿಡಿದು ಅನುಮತಿ ತಗೊಂಡು ರೇಡಿಯೋನ ಆಫೀಸಿಗೆ ಕರ್ಕೊಂಡು ಹೋದೆ. ಯಾರೂ ಇಲ್ಲ. ಪಕ್ಕ ಕೂರಿಸಿ ಮಾಡೆಲ್ ಓಡಿಸಿದೆ. ಆಂಬುಲೆನ್ಸ್ ಬಂದ್ರೆ ಸಿಗ್ನಲ್ ತಾನೇ ದಾರಿ ಬಿಡೋ ಹಾಗೆ ಹೊಂದಿಸಿದ್ದೆ. ವಾರವೆಲ್ಲ ಅದೇ ಕೆಲಸ.

ಸ್ಕ್ರೀನ್ ಮೇಲೆ ಟೀಚರಮ್ಮನ ಬೀದಿಯಿಂದ ಏಳನೇ ಗಾಡಿ ಹೊರಟಿತು. ನಾಲ್ಕು ರಸ್ತೆ ಸೇರೋ ಕಡೆ ಬಂದಾಗ ನನ್ನ ಕೈ ಹಿಡ್ಕೊಂಡ, ಮೂಳೆ ಪುಡಿಯಾಗೋದೊಂದು ಬಾಕಿ. ಮುಂದಿನ ಗಾಡಿಗಳೆಲ್ಲ ನಿಧಾನಕ್ಕೆ ಕರಗಿಹೋದವು.

"ಸಿಗ್ನಲ್ ದಾಟಿದ್ವಿ ಅಮ್ಮಾ," ಅಂದ, ಸ್ಕ್ರೀನ್ ನೋಡ್ತಾ. "ಈಗ ಬಲಕ್ಕೆ. ಆಸ್ಪತ್ರೆ ಗೇಟ್ ಕಾಣ್ತಿದೆ. ಬಂದೇಬಿಟ್ವಿ."

ಚುಕ್ಕಿ ನಿಂತಿತು.

ಅದೇ ದಿನ, ಸಂಜೆ

ಅಡುಗೆಮನೇಲಿ ಗಲಾಟೆ. ಉಪ್ಪು ಜಾಸ್ತಿ ಅಂತ ತನ್ನಮ್ಮನಿಗೇ ಪಾಠ ಹೇಳ್ತಿದಾನೆ. ಅತ್ತೆ ಬೈತಿದಾರೆ, ನಗ್ತಾನೂ ಇದಾರೆ. ನನ್ನನ್ನೂ ಕರೀತಿದಾನೆ, ಏನೋ ಹೇಳಬೇಕಂತೆ. ಬರೋವರೆಗೂ ಕಾಯೋ ಆಸಾಮಿಯಾ? ಅಲ್ಲಿಂದಲೇ ಶುರು ಮಾಡಿಬಿಟ್ಟಿದಾನೆ, ಅರ್ಧ ಕೇಳಿಸ್ತಿಲ್ಲ, ತಡಿ ಬಂದೆ ಕಣೋ, ಮೊದಲಿಂದ ಹೇಳು, ಒಂದಕ್ಷರನೂ ಬಿಡದೆ—