ಒಂಬತ್ತನೆಯ ಪ್ರಶ್ನೆ

ಹಾನಗಲ್ಲ
೧೨ ಜನವರಿ ೧೯೪೬

ಸವಣೂರಿನ ನೂರಜಹಾನಳಿಗೆ, ಅಕ್ಕ ಎಂದು ಕರೆಸಿಕೊಳ್ಳುವ ಯೋಗ್ಯತೆಯನ್ನು ಕಳೆದುಕೊಂಡ ಶಾರವ್ವ ಬರೆಯುವುದು.

ಹೋದ ತಿಂಗಳು ಶಿಗ್ಗಾವಿಯಲ್ಲಿ ಮೋಟಾರಿಗಾಗಿ ಕಾಯುತ್ತಿದ್ದಾಗ ನಿನ್ನ ತಮ್ಮ ನಬೀಸಾಬ ಸಿಕ್ಕಿದ್ದ. ಗುರುತು ಹಿಡಿದು ಅವನೇ ಕೈಮುಗಿದ. ನೀನು ಹೇಗಿದ್ದೀ ಎಂದು ಕೇಳಿದೆ. "ಹೊಲಿಗಿ ಮಾಡ್ತಾಳ್ರಿ, ಅರಾಮ ಅದಾಳ. ಆದ್ರ ಅಕ್ಕ ಈಗ ಯಾರನ್ನೂ ಏನೂ ಕೇಳೂದಿಲ್ರಿ" ಎಂದ. ಅವನು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಅಷ್ಟರಲ್ಲಿ ಮೋಟಾರು ಬಂತು, ನಾನು ಹತ್ತಿದೆ. ಹಾನಗಲ್ಲ ಮುಟ್ಟುವ ತನಕ ಮೈಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು.

ಎಂಟು ವರ್ಷಗಳಾದವು. ಹಸುಗೂಸುಗಳು ಎಷ್ಟು ಹುಟ್ಟುತ್ತವೆ, ಎಷ್ಟು ಸಾಯುತ್ತವೆ ಎಂದು ನಮ್ಮ ಸೀಮೆಯ ಹಳ್ಳಿಗಳಲ್ಲಿ ತಿಳಿದುಕೊಳ್ಳಲು ಪುಣೆಯ ಪ್ರೊಫೆಸರರೊಬ್ಬರು ಪ್ರಶ್ನಾವಳಿ ಮಾಡಿದ್ದರು. ಇಂಗ್ಲಿಷಿನ ಆ ಮೂವತ್ತನಾಲ್ಕು ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳು ನಾನು, ಹೆಣ್ಣುಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ, ಊರವರ ದೊಡ್ಡ ಬಾಯಾರು. ನಿಮ್ಮ ಕನ್ನಡದಲ್ಲಿ ಒಂದು ಅಕ್ಷರವೂ ತಿದ್ದುವಂತಿಲ್ಲ ಎಂದು ಅವರು ಬರೆದ ಕಾಗದವನ್ನು ಊರಿಗೆಲ್ಲ ತೋರಿಸಿದ್ದೆ. ಮನೆ ಮನೆಗೆ ಹೋಗಿ ಕೇಳಲು ಹೆಂಗಸರು ಬೇಕಾದಾಗ ನಿನ್ನನ್ನು ಕರೆದವಳೂ ನಾನೇ. ನಿನ್ನ ತಂದೆ ಉಸ್ಮಾನಸಾಬ ಮಾಸ್ತರರಿಗೆ "ನನ್ನ ತಂಗೀಹಂಗ ನೋಡ್ಕೊಂತೇನ್ರಿ" ಎಂದು ಮಾತು ಕೊಟ್ಟಿದ್ದೆ. ನಿನಗೆ ಹತ್ತೊಂಬತ್ತು, ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಮಟ್ಟಿಗೆ.

ಅಬಲೂರಿನ ಮಂಜವ್ವನ ಮನೆ ನೆನಪಿದೆಯೇ? ನನ್ನ ಒಂಬತ್ತನೆಯ ಪ್ರಶ್ನೆಯನ್ನು ನಾನು ಸ್ಪಷ್ಟವಾಗಿ ಓದಿದೆ: "ಇದುವರೆಗೆ ನಿಮಗೆ ಜನಿಸಿದ ಮಕ್ಕಳ ಒಟ್ಟು ಸಂಖ್ಯೆ ಎಷ್ಟು?" ಆಕೆ ಸೆರಗು ಎಳೆದುಕೊಂಡು "ಮೂರ ಅದಾವ್ರಿ" ಎಂದಳು. ನಾನು ಮೂರು ಬರೆದೆ. ನೀನು ಆಕೆಯ ಮುಂದಿದ್ದ ಮೊರವನ್ನು ನಿನ್ನ ಕಡೆ ಎಳೆದುಕೊಂಡು, ಜೋಳದಲ್ಲಿಯ ಹರಳು ಆರಿಸುತ್ತ, "ಮೊದಲ್ನೇ ಬಾಣಂತನಾ ಎಲ್ಲಾತಬೇ?" ಎಂದೆ. "ತವರಾಗ ಆತು ತಂಗಿ, ಹತ್ತಿಮತ್ತೂರಾಗ. ಗಂಡ ಕೂಸು. ಹನ್ನೊಂದು ದಿನ ಇತ್ತು." ಎರಡನೆಯದು ಎಲ್ಲಿ, ಮೂರನೆಯದು ಎಲ್ಲಿ ಎಂದು ನೀನು ಕೇಳುತ್ತ ಹೋದೆ. ಏಳಾದವು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಗದರಿದೆ. "ನೀವು ಕೇಳಲಿಲ್ರಿ ಬಾಯಾರ" ಎಂದಳು ಮಂಜವ್ವ.

ಅಂದಿನಿಂದ ನಾನು ನಿನ್ನನ್ನು ನೋಡುವ ರೀತಿ ಬೇರೆಯಾಯಿತು. ಹೋದಲ್ಲೆಲ್ಲ ನನಗೆ ಕಂಬಳಿ ಹಾಸಿ ಕೂಡ್ರಿಸಿ ದೂರ ನಿಲ್ಲುತ್ತಿದ್ದರು, ನಿನ್ನನ್ನು ಒಲೆಯ ಹತ್ತಿರ ಕರೆದುಕೊಳ್ಳುತ್ತಿದ್ದರು. ಮುದುಕಿಯರು ನಿನ್ನ ಗದ್ದ ಹಿಡಿದು ಮಾತಾಡುತ್ತಿದ್ದರು. ನೀನು ನಕ್ಕರೆ ನನಗೆ ತಲೆ ಸಿಡಿಯುತ್ತಿತ್ತು. ನಿನ್ನ ಹಾಳೆಗಳಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದೆ, ಸಿಕ್ಕರೆ ಎಲ್ಲರೆದುರು ಓದುತ್ತಿದ್ದೆ. ನೀನು "ತಪ್ಪಾತ್ರಿ ಅಕ್ಕಾ" ಎಂದು ತಿದ್ದಿಕೊಳ್ಳುತ್ತಿದ್ದೆ. ಅದರಿಂದ ನನ್ನ ಉರಿ ಇನ್ನಷ್ಟು ಹೆಚ್ಚುತ್ತಿತ್ತು.

ರಟ್ಟೀಹಳ್ಳಿಯಲ್ಲಿ ಒಂದು ಮಧ್ಯಾಹ್ನ ನೀನಾಗಿಯೇ ಬಂದೆ. "ನಾ ಕೇಳೂದು ಸರಿ ಇಲ್ಲೇನೋರಿ ಶಾರಕ್ಕಾ. ನಿಮ್ಮನ್ನ ಕೇಳಿ ನೋಡ್ತೇನಿ, ತಿದ್ರಿ." ನಾನು ಗತ್ತಿನಿಂದ ಕುಳಿತೆ. ಮಕ್ಕಳಿಲ್ಲದ ವಿಧವೆ ಎಂದೇ ಹಾನಗಲ್ಲಿನಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಒಂಬತ್ತನೆಯದಕ್ಕೆ ಸೊನ್ನೆ ಎನ್ನುವುದಷ್ಟೇ ನನ್ನ ಕೆಲಸವಾಗಿತ್ತು. ನೀನು ಮಕ್ಕಳ ಮಾತನ್ನೇ ಎತ್ತಲಿಲ್ಲ. "ನಿಮ್ಮ ಬಾಣಂತನಾ ಎಲ್ಲಾತ್ರಿ ಅಕ್ಕಾ?" ಎಂದೆ.

"ಬ್ಯಾಡಗ್ಯಾಗ" ಎಂದುಬಿಟ್ಟಿತು ನನ್ನ ಬಾಯಿ.

ಹೆಣ್ಣು ಕೂಸು. ಆರು ದಿನ ಇತ್ತು. ಹೆಸರಿಡುವ ದಿನ ಬರಲಿಲ್ಲ. ಹದಿನಾಲ್ಕು ವರ್ಷ ಯಾರಿಗೂ ಹೇಳದಿದ್ದದ್ದನ್ನು ನಿನ್ನೆದುರು ಹೇಳಿ, ಸೆರಗು ಬಾಯಿಗೊತ್ತಿಕೊಂಡು ಅತ್ತೆ. ನೀನು ಪೆನ್ಸಿಲು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡು ಕುಳಿತೆ. ಆ ಗಳಿಗೆಯಲ್ಲಿ ನಾನು ನಿನ್ನನ್ನು ಅಪ್ಪಿಕೊಳ್ಳಬೇಕಾಗಿತ್ತು. ಅದರ ಬದಲು, ಈ ಹುಡುಗಿ ನನ್ನನ್ನೂ ಗೆದ್ದಳಲ್ಲ ಎಂದುಕೊಂಡೆ.

ನಾಲ್ಕು ದಿನಗಳ ಮೇಲೆ ಹಿರೇಕೆರೂರಿಗೆ ಮೇಲ್ವಿಚಾರಕರು ಬಂದರು. ಎಲ್ಲರ ಹಾಳೆಗಳನ್ನು ಹೋಲಿಸಿದರು. ಸತ್ತ ಕೂಸುಗಳ ಸಂಖ್ಯೆ ನಿನ್ನ ಹಾಳೆಗಳಲ್ಲಿ ಉಳಿದವರದಕ್ಕಿಂತ ಎರಡು ಪಟ್ಟು ಹೆಚ್ಚಿತ್ತು. ಇವಳು ಒಂದು ಕಡೆ ಕೂತು ಮನಸ್ಸಿಗೆ ಬಂದಂತೆ ತುಂಬಿದ್ದಾಳೆ ಎಂದು ಅವರಿಗೆ ಅನುಮಾನ. ನನ್ನ ಕಡೆ ತಿರುಗಿ, "ನೀವು ಸಂಗಡ ಇದ್ರಿ. ಹಾಳ್ಯಾಗ ಬರದಿದ್ದಹಂಗ ಪ್ರಶ್ನಿ ಕೇಳಿದ್ಳೇನ್ರಿ ಈಕಿ?" ಎಂದರು.

"ಇಲ್ರಿ" ಎಂದೆ.

ಅದು ಸುಳ್ಳಲ್ಲ. ನನ್ನ ನೀಚತನ ಇದ್ದದ್ದೇ ಅಲ್ಲಿ. ಹೇಗೆ ಕೇಳಿದಳು, ಯಾಕೆ ಹಾಗೆ ಕೇಳಿದಳು ಎಂದು ಇನ್ನೆರಡು ಮಾತು ಹೇಳಿದ್ದರೆ ಸಾಕಾಗಿತ್ತು. ನಾನು ಹೇಳಲಿಲ್ಲ. ಅವರು ನಿನ್ನ ಇನ್ನೂರಾ ಹನ್ನೆರಡು ಹಾಳೆಗಳ ಮೇಲೆ ಕೆಂಪು ಗೆರೆ ಎಳೆದು, ನಿನ್ನನ್ನು ಕೆಲಸದಿಂದ ತೆಗೆದರು. ನೀನು ಅಳಲಿಲ್ಲ. "ಅಬಲೂರಾಗ ನೀವೂ ಇದ್ರೆಲ್ರಿ ಶಾರಕ್ಕಾ" ಎಂದೆ, ಅಷ್ಟೇ. ನಾನು ಕಿಟಕಿಯ ಕಡೆ ನೋಡಿದೆ.

ಇದರ ಮುಂದಿನದು ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ನಿನ್ನ ಪ್ರಶ್ನೆಯನ್ನೇ ನಾನು ಕೇಳತೊಡಗಿದೆ. ಒಂಬತ್ತನೆಯದನ್ನು ಹೀಗೆ ಬದಲಿಸಬೇಕು ಎಂದು ನನ್ನ ಹೆಸರಿನಲ್ಲಿ ಪುಣೆಗೆ ಬರೆದೆ. ಒಪ್ಪಿದರು. ವರದಿ ಅಚ್ಚಾದಾಗ ಮುನ್ನುಡಿಯಲ್ಲಿ ಆ ಜಾಣ ತಿದ್ದುಪಡಿಗಾಗಿ ನನ್ನನ್ನು ಹೊಗಳಿದರು. ಹಾನಗಲ್ಲಿನಲ್ಲಿ ಶಾಲು ಹೊದಿಸಿದರು. ಹೊದ್ದುಕೊಂಡೆ.

ನಬೀಸಾಬ ಸಿಕ್ಕ ಮರುವಾರ ಹಾವೇರಿಗೆ ಹೋಗಿ ರೈಲು ಹತ್ತಿ ಪುಣೆಗೆ ಹೋದೆ. ಪ್ರೊಫೆಸರರ ಮುಂದೆ ಕುಳಿತು ಇದೆಲ್ಲವನ್ನೂ ಹೇಳಿದೆ. ಅವರು ಜವಾನನನ್ನು ಕಳಿಸಿ ನಿನ್ನ ಹಾಳೆಗಳ ಕಟ್ಟನ್ನು ತರಿಸಿದರು. ಒಂದೂ ಕಳೆದಿಲ್ಲ. ಅವುಗಳನ್ನು ಎಣಿಕೆಗೆ ಸೇರಿಸಿಕೊಂಡು ವರದಿಯನ್ನು ಮತ್ತೆ ಅಚ್ಚು ಹಾಕಿಸುತ್ತಾರೆ. ಮುನ್ನುಡಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ನಿನ್ನದನ್ನು ಅವರು ಬರೆಯುವಾಗ ಎದುರಿಗೇ ಕುಳಿತಿದ್ದೆ. ನಿಜ ಹೇಳಲೇ? ಆಗಲೂ ಹೊಟ್ಟೆ ಉರಿಯಿತು. ಇದು ನನ್ನ ಸಂಗಡವೇ ಹೋಗುವ ರೋಗವೆಂದು ಕಾಣುತ್ತದೆ.

ಯುಗಾದಿಯ ಮೇಲೆ ಇನ್ನೊಂದು ಸಮೀಕ್ಷೆ ಶುರುವಾಗಲಿದೆ. ಮೂವತ್ತು ಜನ ಹೆಣ್ಣುಮಕ್ಕಳಿಗೆ ಹೇಗೆ ಕೇಳಬೇಕೆಂದು ಕಲಿಸುವವರು ಬೇಕು. ಅವರು ನನ್ನನ್ನು ಕೇಳಿದರು. ನಾನು ನಿನ್ನ ಹೆಸರು, ವಿಳಾಸ ಬರೆದುಕೊಟ್ಟು ಬಂದೆ. ಅವರ ಕಾಗದ ನಿನಗೆ ಬರುತ್ತದೆ. ಹರಿದೊಗೆಯಬೇಕೆನಿಸಿದರೆ ನನ್ನದನ್ನು ಹರಿ, ಅವರದನ್ನು ಇಟ್ಟುಕೋ. ನೀನು ಬರುವುದಾದರೆ ನಾನು ಆ ಹುಡುಗಿಯರ ಹಿಂದೆ ಕೊನೆಯ ಸಾಲಿನಲ್ಲಿ ಕೂತು ಕಲಿಯುತ್ತೇನೆ. ಉರಿಯುತ್ತಲೇ ಕಲಿಯುತ್ತೇನೆ. ಬೇಡವೆಂದರೆ ಆ ಕಡೆ ಸುಳಿಯುವುದಿಲ್ಲ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ, ಆ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ.

ನಿನ್ನ ಅಲ್ಲಾಹ, ನಮ್ಮೂರ ತಾರಕೇಶ್ವರ ಇಬ್ಬರೂ ನಿನ್ನನ್ನು ತಣ್ಣಗಿಡಲಿ. ಮತ್ತೆ ಜನರ ನಡುವೆ ಹೋಗು ತಂಗಿ, ಮತ್ತೆ ಕೇಳು.

ನಿನ್ನ ಮುಂದೆ ತಲೆತಗ್ಗಿಸಿ ನಿಂತಿರುವ,
ಶಾರವ್ವ