ಹೊಲಿಗೆ ಬಿಚ್ಚಬೇಡ

ಗುಬ್ಬೀ,

ಅತ್ತು ಅತ್ತು ಮಲಗಿದವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಅದಕ್ಕೇ ಬರೆದಿಟ್ಟು ಕೆಲಸಕ್ಕೆ ಹೊರಟಿದ್ದೇನೆ.

ಅಜ್ಜಿಯ ಹಳೇ ಅಳತೆ ಕಾಗದಗಳಲ್ಲಿ ಹೊಲಿಗೆಗೆ ಬೇಕಾದ ಬಟ್ಟೆ ಸೇರಿರುವುದಿಲ್ಲ, ಸುತ್ತ ಒಂದು ಬೆರಳಗಲ ಬಿಟ್ಟೇ ಕತ್ತರಿ ಹಾಕಬೇಕು ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ನೀನು ಕಾಗದದ ಅಂಚಿಗೇ ಕತ್ತರಿಸಿ, ಹೊಲಿದೂ ಬಿಟ್ಟೆ. ಅಪ್ಪನ ಹಬ್ಬದ ಅಂಗಿಯನ್ನು ಅವರ ಹಳೇ ಅಂಗಿಯ ಮೇಲಿಟ್ಟು ನೋಡಿದಾಗ ಕಾಣದೆ ಇರುತ್ತದೆಯೇ, ಎಷ್ಟು ಚಿಕ್ಕದಾಗಿದೆ ಅಂತ!

ಆದರೂ ಹೊಲಿಗೆ ಬಿಚ್ಚಬೇಡ. ಬೆಳಿಗ್ಗೆ ಅಪ್ಪ ಅದನ್ನೇ ಹಾಕಿಕೊಂಡು, ಗುಂಡಿ ಇಲ್ಲದ್ದಕ್ಕೆ ಎದೆಯ ಹತ್ತಿರ ಕೈಯಲ್ಲಿ ಹಿಡಿದುಕೊಂಡು, ಕನ್ನಡಿ ಮುಂದೆ ನಿಂತಿದ್ದರು. ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಆಸ್ಪತ್ರೆಯಿಂದ ಬಂದವರು ಅಷ್ಟು ಇಳಿದುಹೋಗಿದ್ದಾರೆ ಕಣೇ. ದಿನಾ ನೋಡುವ ನಮಗೆ ಗೊತ್ತೇ ಆಗಿಲ್ಲ.

"ನೋಡ್ದ್ಯಾ, ನಮ್ಮಮ್ಮನ ಅಳತೆ ಇವತ್ತಿಗೂ ತಪ್ಪಿಲ್ಲ" ಅಂದರು. ನಾನು ಹೂಂ ಅಂದೆ. ನಿನ್ನನ್ನು ಕೇಳಿದರೆ ನೀನೂ ಹೂಂ ಅನ್ನು. ನಿನ್ನ ಬಾಯಿಗೆ ಇವತ್ತೊಂದು ದಿನ ಬೀಗವಿರಲಿ.

ಕಾಲರಿಗೆ ಇಸ್ತ್ರಿ ಹಾಕಿಡು. ಕಾಜ ನಾನೇ ಬಂದು ಹಾಕುತ್ತೇನೆ, ನಿನ್ನದು ಇಲಿ ಕಡಿದ ಹಾಗಿರುತ್ತದೆ. ನಿನ್ನ ಲಂಗದ ಬಟ್ಟೆಯನ್ನಂತೂ ನಾನು ಬರುವವರೆಗೆ ಮುಟ್ಟಕೂಡದು. ಮಧ್ಯಾಹ್ನ ಅಪ್ಪನ ಪಕ್ಕದಲ್ಲೇ ಕೂತು ಬಡಿಸು. ಸಾಕು ಅಂದರೂ ಇನ್ನೊಂದು ಸಲ ಬಡಿಸು.

ಅಂಗಿಗೆ ಕತ್ತರಿಸಿ ಉಳಿದ ನೀಲಿ ಬಟ್ಟೆ ಎಸೆಯಬೇಡ, ಅಜ್ಜಿಯ ಕಾಗದಗಳ ಜೊತೆ ಮಡಿಸಿಡು. ಮುಂದಿನ ಹಬ್ಬದ ಹೊತ್ತಿಗೆ ಈ ಅಂಗಿ ಬಿಗಿಯಾಗಿ, ಎರಡೂ ಪಕ್ಕಕ್ಕೆ ಪಟ್ಟಿ ಕೊಡುವ ಹಾಗಾಗಲಿ.

ಅಕ್ಕ