ಒಂದು ಮೊರ ತವುಡಿನ ನಾಯಕ

ಹಂಪಾಪುರ
೧೪-೯-೧೯೬೮

ನನ್ನ ವಿಮಲಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಿನ್ನ ಸ್ಕೂಲಿನ ಕೈಬರಹದ ಪತ್ರಿಕೆಗೆ ಕಥೆ ಕೇಳಿದ್ದೀಯ. ಕೊನೆಯಲ್ಲಿ, ಮಗುವಿಗೆ ಏಳು ತಿಂಗಳಾದರೂ ಹೆಸರು ತಿಳಿಸಿಲ್ಲ, ನಾಮಕರಣಕ್ಕೂ ನಾನು ಬೇಡವಾದೆನೇ ಎಂದು ಮುನಿಸಿಕೊಂಡಿದ್ದೀಯ. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ಕಥೆ ಶುರುಮಾಡುವಾಗ ಮೊದಲು ನಾಯಕನನ್ನು ಪರಿಚಯಿಸಬೇಕು, ಅವನ ದಿನಚರಿ ತೋರಿಸಬೇಕು, ಕಷ್ಟ ಆಮೇಲೆ ಬರಬೇಕು ಎಂದು ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಹೇಳುತ್ತಿದ್ದರಲ್ಲ, ಹಾಗೇ ಮಾಡುತ್ತೇನೆ.

ನಮ್ಮ ನಾಯಕನಿಗೆ ತಲೆಯ ಹಿಂದೆ ಕೂದಲು ಸವೆದುಹೋಗಿದೆ. ಅವನ ಲೋಕ, ನಡುಮನೆಯ ತೊಲೆಗೆ ಕಟ್ಟಿದ ನನ್ನ ಹಳೇ ಸೀರೆಯ ಜೋಲಿಯಿಂದ ಜಗುಲಿಯ ಕಂಬದವರೆಗೆ. ಬೆಳಿಗ್ಗೆ ನಮ್ಮತ್ತೆ ಪುಟ್ಟತಾಯಮ್ಮನವರು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ ನೀರೆರೆಯುತ್ತಾರೆ. ಸಾಂಬ್ರಾಣಿ ಹೊಗೆಗೆ ಸೀನುತ್ತಾನೆ. ಎಮ್ಮೆ ಕೂಗಿದರೆ ತಾನೂ ಕೂಗುತ್ತಾನೆ. ಅವನಪ್ಪ ರಾಗಿ ಹೊಲದಿಂದ ಬಂದು ಬಗ್ಗಿದರೆ ಮೀಸೆಗೇ ಕೈ. ನಿದ್ದೆಯಲ್ಲಿ ಎಡಗೈಯ ಮುಷ್ಟಿ ಬಿಡಿಸುವುದಿಲ್ಲ. ಇದು ನನಗೆ ಗೊತ್ತು, ಏಕೆಂದರೆ ಅವನು ಮಲಗಿರುವಾಗಲೆಲ್ಲ ನಾನು ಎದ್ದಿರುತ್ತೇನೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ.

ಕಷ್ಟ ಆಮೇಲೆ ಬರಬೇಕಿತ್ತು, ವಿಮಲಾ. ಈ ಕಥೆಯಲ್ಲಿ ಅದು ನಾಯಕನಿಗಿಂತ ಮೊದಲೇ ಬಂತು. ಇವನ ಅಣ್ಣನ ನಾಮಕರಣಕ್ಕೆ ನೀನು ಬೆಳ್ಳಿ ಗಿಲಕಿ ತಂದಿದ್ದೆ. ಹನ್ನೊಂದನೆಯ ದಿನ ಊರಿಗೆಲ್ಲ ಕೇಳುವಂತೆ ಹೆಸರಿಟ್ಟೆವು. ನಲವತ್ತನೆಯ ದಿನ ಜೋಲಿ ಬಿಚ್ಚಿದೆವು.

ಅದಕ್ಕೇ ಇವನು ಹುಟ್ಟಿದಾಗ ಅತ್ತೆ ಇವನನ್ನು ಮಾರಿಬಿಟ್ಟರು. ಗಾಬರಿಯಾಗಬೇಡ. ಕೊಂಡವಳು ಮುತ್ತಿ, ಕಾಡಂಚಿನ ಹಾಡಿಯಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವವಳು. ಅವಳ ಐದು ಮಕ್ಕಳೂ ಗಟ್ಟಿಮುಟ್ಟಾಗಿದ್ದಾರೆ. ಬೆಲೆ ಒಂದು ಮೊರ ತವುಡು. ಆ ತವುಡನ್ನೂ ಅತ್ತೆಯೇ ಅವಳಿಗೆ ಕೊಟ್ಟು, ಅವಳ ಕೈಯಿಂದ ತಿರುಗಿ ಇಸಕೊಂಡರು. ಮಗು ಬೇರೆಯವರದಾದರೆ ಸಾವು ನಮ್ಮ ಬಾಗಿಲಿಗೆ ಹುಡುಕಿಕೊಂಡು ಬರುವುದಿಲ್ಲವಂತೆ. ಮೊದಲ ಹಲ್ಲು ಬಂದಾಗ ಅದೇ ತವುಡನ್ನು ವಾಪಸು ಕೊಟ್ಟು ಮಗುವನ್ನು ಬಿಡಿಸಿಕೊಳ್ಳಬೇಕು. ಹೆಸರು ಆಮೇಲೆ. ಮುತ್ತಿಯನ್ನು ಎಂದೂ ಜಗುಲಿ ದಾಟಿಸದ ಅತ್ತೆ, ಮೊಮ್ಮಗನನ್ನು ಅವಳ ಮಡಿಲಿಗೇ ಹಾಕಿದ್ದನ್ನು ಕಂಡು ಒಳಗೊಳಗೇ ನಕ್ಕೆ. ಬಿ.ಎ. ಓದಿದವಳಲ್ಲವೇ.

ಆ ನಗುವಿನಲ್ಲೇ ತಪ್ಪು ಮಾಡಿದೆ. ಅತ್ತೆ ಆ ತವುಡನ್ನು ಗಡಿಗೆಗೆ ತುಂಬಿ ಅಟ್ಟದ ಮೇಲಿಟ್ಟಿದ್ದರು. ನಮ್ಮ ಎಮ್ಮೆ ಈದ ವಾರ ಮನೆಯಲ್ಲಿ ಬೇರೆ ತವುಡಿರಲಿಲ್ಲ. ಅದನ್ನೇ ಇಳಿಸಿ, ಕಲಸಿ, ಎಮ್ಮೆಗೆ ಇಟ್ಟುಬಿಟ್ಟೆ. ನಾಲ್ಕು ದಿನ ಬಿಟ್ಟು ಹೊಸ ತವುಡು ತುಂಬಿ ಗಡಿಗೆಯ ಬಾಯಿ ಕಟ್ಟಿದೆ. ಯಾರಿಗೂ ಹೇಳಲಿಲ್ಲ.

ಹೋದ ಶುಕ್ರವಾರ ಹಾಲು ಕುಡಿಯುವಾಗ ನಾಯಕ ಕಚ್ಚಿದ. ಕೆಳಗಿನ ವಸಡಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ. ಹಿಗ್ಗಬೇಕಾದವಳು ಬೆವತುಹೋದೆ. ಬೇರೆ ತವುಡು ಕೊಟ್ಟು ಬಿಡಿಸಿಕೊಂಡು, ಇವನಿಗೂ ಏನಾದರೂ ಆದರೆ? ನಗುತ್ತಿದ್ದವಳು ಎಲ್ಲಿ ಹೋದಳೋ ಕಾಣೆ. ಒಂದು ವಾರ ಅವನ ಬಾಯಿ ಅತ್ತೆಯ ಕಣ್ಣಿಗೆ ಬೀಳದಂತೆ ಕಾದೆ. ನೀರನ್ನೂ ನಾನೇ ಎರೆಯುತ್ತೇನೆಂದೆ. "ಓದಿದೋಳ್ಗೆ ಈಗ ಬಂತು ಬುದ್ಧಿ" ಎಂದು ಅತ್ತೆ ಸಂತೋಷಪಟ್ಟರು.

ನಿನ್ನೆ ಮಧ್ಯಾಹ್ನ ಮುತ್ತಿ ಬಂದಳು. ಕೆಲಸಕ್ಕೆ ಬಂದ ದಿನವೆಲ್ಲ ಅವನನ್ನು ಎತ್ತಿಕೊಂಡು "ಏನ್ಲಾ, ನನ್ ತವುಡು" ಎಂದು ಮಾತಾಡಿಸದೆ ಹೋಗುವುದಿಲ್ಲ. ನಿನ್ನೆ ಅವನು ಅವಳ ಬೆರಳನ್ನು ಕಚ್ಚಿದ. "ಅವ್ವಾ, ಅಲ್ಲು ಬಂದದೆ" ಎಂದವಳು ನನ್ನ ಮುಖ ನೋಡಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು, "ತವುಡ ತಿಂದಿದ್ದು ನಿಮ್ಮೆಮ್ಮೆ ತಾನೆ? ಅದ್ರಾಲು ಯಾರು ಕುಡುದ್ರು?" ಎಂದು ಕೇಳಿದಳು. ಮೊಲೆಹಾಲು ಹೆಚ್ಚಲೆಂದು ಅತ್ತೆ ನನಗೇ ಕುಡಿಸಿದರು ಎಂದೆ.

"ಮೊಗ ಯಾರಾಲು ಕುಡೀತು?"

ನನ್ನದೇ ಎಂದೆ.

"ಇನ್ನೇನವ್ವ, ನನ್ ತವುಡು ನನ್ ಮೊಗೀನ್ ಒಟ್ಟೆಗೇ ಓಗದೆ. ನಂಗೆ ವಾಪಸ್ ಬಂದಂಗೆ ಕಣ. ತಕಳಿ, ನಿಮ್ ಮಗ" ಎಂದು ಅವನನ್ನು ನನ್ನ ಮಡಿಲಿಗೆ ಹಾಕಿದಳು. ಹಾಕಿದ ಮೇಲೂ ಅವನ ಕಾಲು ಬಿಡಲಿಲ್ಲ. "ಕೊಟ್ಬುಟ್ಟೆ ಅಂತ ನೋಡಕ್ ಬರಾದ ಬುಡಾಕಿಲ್ಲ, ಈಗ್ಲೇ ಯೋಳಿವ್ನಿ" ಎಂದಳು.

ನಾನೇ ಅವಳ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋದೆ. ಅತ್ತೆ ಒಂದು ಕ್ಷಣ ದಿಟ್ಟಿಸಿದರು. ಮಗುವಿನ ಬಾಯಿ ತೆರೆದು ತೋರಿಸಿದೆ. ಅವರು ಗಡಿಗೆ ಇಳಿಸಿ ತಂದು ಮೊರಕ್ಕೆ ಸುರಿದರು. ಮುತ್ತಿ ಒಂದು ಹಿಡಿ ತೆಗೆದು ಮೂಸಿ, ನನ್ನ ಕಡೆ ತಿರುಗಿಯೂ ನೋಡದೆ, "ಅದೇಯ ಕಣ್ರವ್ವ, ನಾ ಕೊಟ್ಟಿದ್ದೇಯ" ಎಂದಳು.

ಆಮೇಲೆ ನಾನು ಜೋಲಿಯ ಪಕ್ಕದಲ್ಲೇ ಒರಗಿದವಳು, ದೀಪ ಹಚ್ಚುವ ಹೊತ್ತಿಗೆ ಅತ್ತೆ ಎಬ್ಬಿಸಿದಾಗಲೇ ಎಚ್ಚರವಾದದ್ದು.

ಇದು ಮಕ್ಕಳ ಪತ್ರಿಕೆಗೆ ಆಗುವ ಕಥೆಯಲ್ಲ. ನೀನೇ ಇಟ್ಟುಕೊ.

ನಿನ್ನ
ಸುನಂದಾ

ಮರೆತಿದ್ದೆ: ಇಪ್ಪತ್ತಮೂರನೇ ತಾರೀಖು ಸೋಮವಾರ ನಾಮಕರಣ. ಅವನ ಹೆಸರು ಶಿವನಂಜಪ್ಪ. ಏಳು ತಿಂಗಳು ಮನಸ್ಸಿನಲ್ಲೂ ಕರೆಯದೆ ಬಚ್ಚಿಟ್ಟಿದ್ದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಅಣ್ಣನ ಜೋಲಿ ಬಿಚ್ಚಿದ ಮೇಲೆ ನಾನು ನಿನಗೆ ವಾಪಸು ಕಳಿಸಿದ್ದ ಬೆಳ್ಳಿ ಗಿಲಕಿ ಇನ್ನೂ ಇದ್ದರೆ ತಾ.